ಬುಲೆಟ್ ರೈಲಿನ ಕಾಲದಲ್ಲಿ ಬಾಗಲಕೋಟೆ-ಕುಡಚಿ ಮಾರ್ಗ: ವೇಗವೆಂದರೆ ಯಾವ ವೇಗ?

ಹುಬ್ಬಳ್ಳಿ-ಪುಣೆ ನಡುವಿನ ವಂದೇ ಭಾರತ್ ಎಕ್ಸ್‌ಪ್ರೆಸ್‌ಗೆ 2024ರ ಸೆಪ್ಟೆಂಬರ್ 16ರಂದು ಚಾಲನೆ ದೊರೆಯಿತು. ಧಾರವಾಡ, ಬೆಳಗಾವಿ, ಮಿರಜ್, ಸಾಂಗ್ಲಿ, ಸಾತಾರಾಗಳಲ್ಲಿ ನಿಲ್ಲುವ ಈ ರೈಲು ಬೆಳಗಾವಿ ಜಿಲ್ಲೆಯ ಕುಡಚಿ ನಿಲ್ದಾಣವನ್ನು ನಿಲ್ಲದೆ ದಾಟಿಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಕಂಡಕಂಡಲ್ಲಿ ನಿಲ್ಲುವ ರೈಲು ವೇಗದ ರೈಲಾಗಿ ಉಳಿಯುವುದಿಲ್ಲ. ಆದರೆ ಕುಡಚಿ ಸಾಮಾನ್ಯ ನಿಲ್ದಾಣವಾಗಿಯೇ ಉಳಿಯಬೇಕಾದ ಊರಾಗಿರಲಿಲ್ಲ. ಬಾಗಲಕೋಟೆಯಿಂದ ಹೊರಟು ಲೋಕಾಪುರ, ಮುಧೋಳ, ಜಮಖಂಡಿ ಭಾಗಗಳನ್ನು ಹಾದು ಬರುವ 142 ಕಿ.ಮೀ. ಉದ್ದದ ಹೊಸ ಹಳಿ ಮುಂಬೈ-ಪುಣೆಯ ಹೆದ್ದಳಿಯನ್ನು ಕೂಡಿಕೊಳ್ಳಬೇಕಾದ ಜಂಕ್ಷನ್ ಅದು. ಆ ಮಾರ್ಗಕ್ಕೆ ರೈಲ್ವೆ ಬಜೆಟ್‌ನಲ್ಲಿ ಮಂಜೂರಾತಿ ದೊರೆತದ್ದು 2010-11ರಲ್ಲಿ. ಒಂದೂವರೆ ದಶಕ ಕಳೆದರೂ ಮುಧೋಳದ ಜನ, ಜಮಖಂಡಿಯ ಜನ, ರಬಕವಿ-ಬನಹಟ್ಟಿಯ ನೇಕಾರರು ತಮ್ಮೂರ ನಿಲ್ದಾಣದಲ್ಲಿ ರೈಲು ಹತ್ತಿಲ್ಲ.

ಇತ್ತ 2026ರ ಫೆಬ್ರವರಿ 1ರಂದು ಮಂಡನೆಯಾದ ಕೇಂದ್ರ ಬಜೆಟ್‌ನಲ್ಲಿ ಏಳು ಹೈಸ್ಪೀಡ್ ರೈಲು ಕಾರಿಡಾರ್‌ಗಳ ಘೋಷಣೆಯಾಯಿತು. ಅವುಗಳಲ್ಲಿ ಹೈದರಾಬಾದ್-ಬೆಂಗಳೂರು ಮತ್ತು ಚೆನ್ನೈ-ಬೆಂಗಳೂರು ಮಾರ್ಗಗಳು ನಮ್ಮ ರಾಜಧಾನಿಯನ್ನು ಮುಟ್ಟುವಂಥವು. ರಾಜಧಾನಿಯ ಓದುಗರಿಗೆ ಇದು ಸಂತಸದ ಸುದ್ದಿಯೇ. ಆದರೆ ಗಂಟೆಗೆ ಮುನ್ನೂರು ಕಿ.ಮೀ. ಓಡುವ ರೈಲಿನ ಚರ್ಚೆ ನಡೆಯುವಾಗ, ವರ್ಷಕ್ಕೆ ಹತ್ತು ಕಿ.ಮೀ. ಹಳಿಯನ್ನೂ ಹಾಕಲಾಗದ ಸ್ಥಿತಿ ಅದೇ ರಾಜ್ಯದಲ್ಲಿ ಏಕೆ ಉಂಟಾಯಿತು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಉಚಿತ. ಏಕೆಂದರೆ ಎರಡಕ್ಕೂ ಬೇಕಾದದ್ದು ಒಂದೇ: ಕೈಗೆ ಸಿಕ್ಕ ಭೂಮಿ ಮತ್ತು ಖಾತರಿಯಾದ ಹಣ. ರೈಲಿನ ವೇಗ ನಿರ್ಧಾರವಾಗುವುದು ಎಂಜಿನ್ನಿನಿಂದ. ರೈಲು ಮಾರ್ಗದ ವೇಗ ನಿರ್ಧಾರವಾಗುವುದು ಇವೆರಡರಿಂದ.

ಹಳಿ ತಪ್ಪಿಸಿಕೊಂಡ ಸಂಸ್ಥಾನಗಳು

ಈ ಸೀಮೆಗೆ ರೈಲು ಏಕೆ ಮೊದಲೇ ಬರಲಿಲ್ಲ ಎಂಬುದಕ್ಕೆ ಇತಿಹಾಸದಲ್ಲಿ ಕಾರಣ ಹುಡುಕಬೇಕು. ಧಾತು-ಈಶ್ವರ ಸಂವತ್ಸರಗಳ ಭೀಕರ ಬರದ ನಂತರ, 1880ರ ದಶಕದಲ್ಲಿ, ಬರಪೀಡಿತ ಪ್ರದೇಶಗಳಿಗೆ ಧಾನ್ಯ ಸಾಗಿಸುವ ಉದ್ದೇಶವನ್ನೂ ಮುಂದಿಟ್ಟುಕೊಂಡು ಸದರ್ನ್ ಮರಾಠಾ ರೈಲ್ವೆ ಕಂಪನಿ ಹಳಿ ಹಾಕಲಾರಂಭಿಸಿತು. ಗದಗದಿಂದ ಬಾಗಲಕೋಟೆ, ವಿಜಾಪುರ ಮೂಲಕ ಸೊಲ್ಲಾಪುರದ ಬಳಿಯ ಹೊಟಗಿಯವರೆಗೆ ಒಂದು ಮಾರ್ಗ. ಲೋಂಡಾದಿಂದ ಬೆಳಗಾವಿ, ಮಿರಜ್ ಮೂಲಕ ಪುಣೆಯ ಕಡೆಗೆ ಇನ್ನೊಂದು ಮಾರ್ಗ. ಈ ಎರಡು ಹಳಿಗಳ ನಡುವೆ ಸಿಲುಕಿದ ಭೂಭಾಗದ ದೊಡ್ಡ ಪಾಲು ದೇಶೀ ಸಂಸ್ಥಾನಗಳದ್ದು. ಜಮಖಂಡಿ ಪಟವರ್ಧನರದ್ದು, ಮುಧೋಳ ಘೋರ್ಪಡೆಯವರದ್ದು; ತೇರದಾಳ, ರಬಕವಿಗಳು ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಬೀಳಗಿ ಮಾತ್ರ ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. ಅರಮನೆ, ಕೆರೆ, ಶಾಲೆಗಳನ್ನು ಕಟ್ಟಿಸಿದ ಸಂಸ್ಥಾನಿಕರ ಕಾಲದಲ್ಲಿ ಹಳಿ ಬರಲಿಲ್ಲ. ಸಂಸ್ಥಾನಗಳು ವಿಲೀನಗೊಂಡು ಮುಂಬೈ ಪ್ರಾಂತ್ಯ ಸೇರಿದಾಗಲೂ ಬರಲಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ನಂತರವೂ, 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ನಂತರವೂ ಇದೇ ಕಥೆ.

ಇದರ ಪರಿಣಾಮ ಇಂದಿಗೂ ಕಾಣುತ್ತದೆ. ಬಾಗಲಕೋಟೆಯಿಂದ ಮಿರಜ್‌ಗೆ ರೈಲಿನಲ್ಲಿಯೇ ಹೋಗಬೇಕೆನ್ನುವವರು ಒಂದೋ ದಕ್ಷಿಣಕ್ಕಿಳಿದು ಗದಗ, ಹುಬ್ಬಳ್ಳಿ, ಲೋಂಡಾ, ಬೆಳಗಾವಿಗಳನ್ನು ಸುತ್ತಬೇಕು. ಇಲ್ಲವೇ ಉತ್ತರಕ್ಕೇರಿ ಸೊಲ್ಲಾಪುರ, ಕುರ್ಡುವಾಡಿ, ಪಂಢರಪುರಗಳನ್ನು ಬಳಸಬೇಕು. ಕಾಗದದ ಮೇಲಿನ ಹಳಿ ನೆಲದ ಮೇಲೆ ಬಂದರೆ ಕುಡಚಿಯ ನಂತರ ಮಿರಜ್‌ಗೆ ಉಳಿಯುವುದು ಕೆಲವೇ ನಿಲ್ದಾಣ.

ಇದು ಹಳ್ಳಿಗಾಡಿನ ಬೇಡಿಕೆ ಎಂದು ಬದಿಗೆ ಸರಿಸುವ ಮುನ್ನ ಒಂದು ಲೆಕ್ಕ ಗಮನಿಸಬೇಕು. 2011ರ ಜನಗಣತಿಯಂತೆ ರಬಕವಿ-ಬನಹಟ್ಟಿಯ ಜನಸಂಖ್ಯೆ 70 ಸಾವಿರಕ್ಕೂ ಹೆಚ್ಚು. ಜಮಖಂಡಿಯದು 70 ಸಾವಿರದ ಸಮೀಪ. ಮುಧೋಳದ್ದು 50 ಸಾವಿರಕ್ಕೂ ಮೇಲೆ. ಮಹಾಲಿಂಗಪುರ, ತೇರದಾಳಗಳನ್ನು ಸೇರಿಸಿದರೆ ಪಟ್ಟಣವಾಸಿಗಳ ಸಂಖ್ಯೆಯೇ ಎರಡು ಲಕ್ಷ ಮೀರುತ್ತದೆ. ಒಂದರ ಪಕ್ಕ ಇನ್ನೊಂದು ಎಂಬಂತೆ ಹರಡಿಕೊಂಡಿರುವ ಈ ಊರುಗಳನ್ನು ಒಟ್ಟಾಗಿ ನೋಡಿದರೆ ಅದೊಂದು ಚದುರಿದ ನಗರ. ಬೆಂಗಳೂರಿನ ಕಾರಿಡಾರ್‌ಗಳಿಗೆ ಅನ್ವಯಿಸುವ ವಾದವೇ, ಸಣ್ಣ ಪ್ರಮಾಣದಲ್ಲಿ, ಇಲ್ಲಿಗೂ ಅನ್ವಯಿಸುತ್ತದೆ.

ಅರ್ಧ ಪಾಲು, ಪೂರ್ತಿ ಭೂಮಿ

ಬಾಗಲಕೋಟೆ-ಕುಡಚಿ ಮಾರ್ಗ ಮಂಜೂರಾದದ್ದು ವೆಚ್ಚ ಹಂಚಿಕೆಯ ಷರತ್ತಿನ ಮೇಲೆ. ನಿರ್ಮಾಣ ವೆಚ್ಚದ ಅರ್ಧವನ್ನು ರಾಜ್ಯ ಸರ್ಕಾರ ಭರಿಸಬೇಕು, ಭೂಮಿಯನ್ನೂ ಉಚಿತವಾಗಿ ಒದಗಿಸಬೇಕು. ಕರ್ನಾಟಕದ ಅನೇಕ ಹೊಸ ಮಾರ್ಗಗಳಿಗೆ ಇದೇ ಸೂತ್ರ. ಲಾಭದಾಯಕವಲ್ಲ ಎಂಬ ಕಾರಣಕ್ಕೆ ರೈಲ್ವೆ ಮಂಡಳಿ ತಿರಸ್ಕರಿಸಬಹುದಾಗಿದ್ದ ಮಾರ್ಗಗಳಿಗೆ ಈ ಸೂತ್ರದಿಂದ ಬಾಗಿಲು ತೆರೆಯಿತು ಎಂಬುದು ನಿಜ. ಅದೇ ಸೂತ್ರ ಅವುಗಳ ಕಾಲಿಗೆ ತೊಡಕೂ ಆಯಿತು.

ಹೇಗೆಂದರೆ, ಒಂದು ಯೋಜನೆಗೆ ಇಬ್ಬರು ಯಜಮಾನರು. ರೈಲ್ವೆಯ ಹಣ ಬರುವುದು ಪ್ರತಿ ವರ್ಷದ ‘ಪಿಂಕ್ ಬುಕ್’ ಹಂಚಿಕೆಯ ಮೂಲಕ. ರಾಜ್ಯದ ಹಣ ಬರುವುದು ರಾಜ್ಯ ಬಜೆಟ್‌ನ ಮೂಲಕ. ಒಬ್ಬರು ಹಣ ಇಟ್ಟ ವರ್ಷ ಇನ್ನೊಬ್ಬರು ಭೂಮಿ ಕೊಟ್ಟಿರುವುದಿಲ್ಲ. ಭೂಮಿ ಸಿಕ್ಕ ವರ್ಷ ಹಣ ಬೇರೆಡೆ ಹೋಗಿರುತ್ತದೆ. ಸಂಸತ್ತಿನಲ್ಲಿ ಕೇಳಿದರೆ ಭೂಮಿ ಹಸ್ತಾಂತರವಾಗಿಲ್ಲ ಎಂಬ ಉತ್ತರ. ವಿಧಾನಸೌಧದಲ್ಲಿ ಕೇಳಿದರೆ ಕೇಂದ್ರದ ಕಡೆಗೆ ಬೊಟ್ಟು. ಎರಡೂ ಉತ್ತರಗಳಲ್ಲಿ ಒಂದಿಷ್ಟು ಸತ್ಯವಿರುವುದೇ ಈ ಯೋಜನೆಯ ದುರ್ದೈವ. ವರ್ಷಗಳುರುಳಿದಂತೆ ಅಂದಾಜು ಏರುತ್ತದೆ, ಅಂದಾಜಿನ ಜತೆಗೆ ರಾಜ್ಯದ ಪಾಲೂ ಏರುತ್ತದೆ. ಮಂಜೂರಾತಿಯ ವೇಳೆ ಒಂದು ಸಾವಿರ ಕೋಟಿ ರೂ. ಒಳಗಿದ್ದ ಅಂದಾಜು ಈಗ ಇತಿಹಾಸ.

ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಮಾರ್ಗದ ಮೊದಲ ಅಂದಾಜು ಸಿದ್ಧವಾದಾಗ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆ ಗ್ರಾಮೀಣ ಭಾಗದಲ್ಲಿ ಮಾರುಕಟ್ಟೆ ದರವನ್ನು ಒಂದರಿಂದ ಎರಡು ಪಟ್ಟಿನವರೆಗಿನ ಗುಣಕದಿಂದ ಹೆಚ್ಚಿಸಿ, ಅದರ ಮೇಲೆ ಶೇ 100ರಷ್ಟು ಸಾಂತ್ವನ ಧನವನ್ನು ಸೇರಿಸಿತು. ರೈತರ ದೃಷ್ಟಿಯಿಂದ ಇದು ನ್ಯಾಯವೇ. ನೂರಿಪ್ಪತ್ತು ವರ್ಷಗಳ ಅನ್ಯಾಯಕ್ಕೆ ತಡವಾಗಿ ಬಂದ ಉತ್ತರ. ಆದರೆ ಭೂಮಿಯ ಪೂರ್ತಿ ಹೊರೆ ಹೊತ್ತ ರಾಜ್ಯಕ್ಕೆ ಹಳೆಯ ಒಪ್ಪಂದದ ಅರ್ಥವೇ ಬದಲಾಯಿತು. 2010ರಲ್ಲಿಯೇ ಭೂಮಿ ಪಡೆದಿದ್ದರೆ ರೈತರಿಗೆ ಕಡಿಮೆ ಹಣ ಸಿಗುತ್ತಿತ್ತು, ನಿಜ. ತಡ ಮಾಡಿದ್ದರಿಂದ ಹೆಚ್ಚು ಹಣ ಕೊಡಬೇಕಾಯಿತು, ಹಳಿಯೂ ಬರಲಿಲ್ಲ.

ಇದುವರೆಗೆ ಹಳಿ ಕಂಡ ಭಾಗವೆಲ್ಲ ಬಾಗಲಕೋಟೆ ತುದಿಯದು. ಮೊದಲು ಖಜ್ಜಿಡೋಣಿಯವರೆಗೆ ಹಳಿ ಬಂತು, ಆ ನಂತರ ಕೆಲಸ ಲೋಕಾಪುರದ ಕಡೆ ಸಾಗಿತು. ಅಲ್ಲಿಂದ ಮುಂದಿನದೇ ಯೋಜನೆಯ ಬಹುಪಾಲು. ರೈಲು ಮಾರ್ಗದ ಲೆಕ್ಕಾಚಾರದಲ್ಲಿ ಮೂರನೇ ಒಂದು ಭಾಗ ಮುಗಿದರೆ ಮೂರನೇ ಒಂದು ಲಾಭ ಬರುವುದಿಲ್ಲ. ನಡುವೆಯೇ ನಿಲ್ಲುವ ಹಳಿ ಮುಂಬೈಗೂ ಹೋಗದು, ಮುಧೋಳಕ್ಕೂ ಹೋಗದು. ಅದರ ಮೇಲೆ ಓಡಿಸುವ ರೈಲಿಗೆ ಪ್ರಯಾಣಿಕರು ಸಿಗುವುದಿಲ್ಲ. ಪ್ರಯಾಣಿಕರಿಲ್ಲ ಎಂಬ ಅಂಕಿ ಅಂಶವೇ ಮುಂದಿನ ಭಾಗದ ವಿರುದ್ಧ ಸಾಕ್ಷಿಯಾಗುತ್ತದೆ.

ಕಬ್ಬಿನ ನೆಲದ ಬೆಲೆ

ಲೋಕಾಪುರದಿಂದ ಮುಂದಕ್ಕೆ ಹೋದಂತೆ ನೆಲದ ಸ್ವರೂಪವೇ ಬೇರೆ. ಒಂದೆಡೆ ಹಿಡಕಲ್ ಅಣೆಕಟ್ಟಿನಿಂದ ಬರುವ ಘಟಪ್ರಭೆಯ ನೀರು, ಇನ್ನೊಂದೆಡೆ ಕೃಷ್ಣೆಗೆ ಕಟ್ಟಿದ ಹಿಪ್ಪರಗಿ ಬ್ಯಾರೇಜಿನ ನೀರು. ಎರೆಮಣ್ಣಿನ ಈ ಸೀಮೆ ಕಬ್ಬಿನ ಕಣಜ. ಜಿಲ್ಲೆಯಲ್ಲಿ ಹತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಬೆಳಗಾವಿ ಗಡಿಯ ಗುರ್ಲಾಪುರದಲ್ಲಿ ಹೊತ್ತಿಕೊಂಡ ಹೋರಾಟ ಮುಧೋಳಕ್ಕೂ ಹರಡಿದ್ದನ್ನು ರಾಜ್ಯವೇ ನೋಡಿತು. ಟನ್ನಿಗೆ ನೂರು, ಇನ್ನೂರು ರೂಪಾಯಿ ಹೆಚ್ಚಳಕ್ಕಾಗಿ ರಸ್ತೆಗಿಳಿಯುವ ರೈತ ತನ್ನ ನೀರಾವರಿ ಹೊಲದ ನಡುವೆ ಹಳಿ ಹಾಯುವುದನ್ನು ಸುಲಭಕ್ಕೆ ಒಪ್ಪುವನೇ?

ಇಲ್ಲಿಯೇ ಆಲಮಟ್ಟಿಯ ಪ್ರಶ್ನೆ ಬಂದು ಸೇರಿಕೊಳ್ಳುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಸುಮಾರು 75 ಸಾವಿರ ಎಕರೆ ಮುಳುಗಡೆಯಾಗಬೇಕು. ಆ ಭೂಮಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ ರೂ., ಒಣಬೇಸಾಯವಾದರೆ 30 ಲಕ್ಷ ರೂ. ಎಂದು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಸಂತ್ರಸ್ತರ ದಶಕಗಳ ಬೇಡಿಕೆಗೆ ಸಂದ ಮನ್ನಣೆ ಅದು. ಆದರೆ ಒಂದೇ ಜಿಲ್ಲೆಯಲ್ಲಿ, ಒಂದೇ ಸರ್ಕಾರ, ಒಂದೇ ಬಗೆಯ ಮಣ್ಣಿಗೆ ಎರಡು ದರ ಕೊಡಲು ಸಾಧ್ಯವೇ? ಮುಳುಗಡೆಯ ಹೊಲಕ್ಕೆ 40 ಲಕ್ಷ ಎಂದ ಮೇಲೆ ಹಳಿಗೆ ಹೋಗುವ ಹೊಲದ ರೈತನೂ ಅದನ್ನೇ ಅಳತೆಗೋಲಾಗಿ ಹಿಡಿಯುತ್ತಾನೆ. ಹಿಡಿಯಬಾರದೆನ್ನಲು ಯಾವ ನ್ಯಾಯವೂ ಇಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಮುಳುಗಡೆಯಾದವನ ಹೊಲ ಪೂರ್ತಿ ಹೋಗುತ್ತದೆ, ಪರಿಹಾರ ಪಡೆದು ಬೇರೆಡೆ ನೆಲೆ ಹುಡುಕುತ್ತಾನೆ. ಹಳಿಗೆ ಹೊಲ ಕೊಟ್ಟವನದು ಸೀಳು ಹೊಲ. ಪಟ್ಟಿಯಷ್ಟು ಅಗಲ ಹೋದರೂ ಬಾವಿ ಒಂದು ಕಡೆ, ಬೆಳೆ ಇನ್ನೊಂದು ಕಡೆ ಆಗುತ್ತದೆ. ಪೈಪ್‌ಲೈನ್ ಕಡಿಯುತ್ತದೆ, ಎತ್ತಿನ ಬಂಡಿಯ ದಾರಿ ಮುಚ್ಚುತ್ತದೆ. ಎಕರೆಯ ದರದಲ್ಲಿ ಈ ನಷ್ಟ ಎದ್ದು ಕಾಣುವುದಿಲ್ಲ. ಧಾರವಾಡದಿಂದ ಕಿತ್ತೂರು ಮೂಲಕ ಬೆಳಗಾವಿಗೆ ಹೋಗಬೇಕಾದ 73 ಕಿ.ಮೀ.ನ ನೇರ ಮಾರ್ಗವನ್ನೇ ನೋಡಿ. ಬೆಳಗಾವಿಯವರೇ ಆದ ಸುರೇಶ ಅಂಗಡಿ ಅವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಅನುಮೋದನೆ ಪಡೆದ ಆ ಯೋಜನೆಗೂ ಫಲವತ್ತಾದ ಭೂಮಿ ಬಿಡೆವು ಎಂಬ ರೈತರ ವಿರೋಧವೇ ಎದುರಾಯಿತು. ಸಚಿವರಿದ್ದರೆ ಸಾಕು, ರೈಲು ಬಂದೇ ಬರುತ್ತದೆ ಎಂಬ ನಮ್ಮ ಜನರ ನಂಬಿಕೆಗೆ ಇದು ಸಣ್ಣ ಪೆಟ್ಟಲ್ಲ.

ಬೇರೆಯವರು ಹೇಗೆ ಕಟ್ಟಿದರು?

ಹಾಗಾದರೆ ಬುಲೆಟ್ ರೈಲಿಗೆ ಭೂಮಿ ಹೇಗೆ ಸಿಕ್ಕಿತು? ಮುಂಬೈ-ಅಹಮದಾಬಾದ್ ನಡುವಿನ 508 ಕಿ.ಮೀ. ಮಾರ್ಗಕ್ಕೆ ಶಂಕುಸ್ಥಾಪನೆಯಾದದ್ದು 2017ರ ಸೆಪ್ಟೆಂಬರ್‌ನಲ್ಲಿ. ಅದಕ್ಕಾಗಿಯೇ ನ್ಯಾಷನಲ್ ಹೈಸ್ಪೀಡ್ ರೈಲ್ ಕಾರ್ಪೊರೇಷನ್ ಎಂಬ ಪ್ರತ್ಯೇಕ ಕಂಪನಿ 2016ರಲ್ಲಿಯೇ ಹುಟ್ಟಿತು. ಬಂಡವಾಳದಲ್ಲಿ ಕೇಂದ್ರದ್ದು ಅರ್ಧ, ಗುಜರಾತ್ ಮತ್ತು ಮಹಾರಾಷ್ಟ್ರಗಳದ್ದು ತಲಾ ಕಾಲು ಪಾಲು. ಆರಂಭದ ಅಂದಾಜಾದ 1.08 ಲಕ್ಷ ಕೋಟಿ ರೂ.ನಲ್ಲಿ ಶೇ 81ರಷ್ಟನ್ನು ಜಪಾನ್ ಶೇ 0.1ರ ಬಡ್ಡಿಗೆ, 50 ವರ್ಷಗಳ ಅವಧಿಗೆ ಸಾಲವಾಗಿ ಕೊಡಲೊಪ್ಪಿತು. ಅಷ್ಟಾದರೂ ಆ ರೈಲು 2022ಕ್ಕೆ ಓಡಲಿಲ್ಲ. ಬೇಕಾದ ಸುಮಾರು 1,390 ಹೆಕ್ಟೇರ್ ಭೂಮಿ ಪೂರ್ತಿ ಕೈಸೇರಿದ್ದು 2024ರ ಜನವರಿಯಲ್ಲಿ. ಜಪಾನಿನ ತಂತ್ರಜ್ಞಾನ, ಜಪಾನಿನ ಹಣ ಎರಡೂ ಇದ್ದರೂ ಪಾಲ್ಘರದ ರೈತ ಒಪ್ಪದೆ ಕೆಲಸ ಮುಂದೆ ಸಾಗಲಿಲ್ಲ. ಆದರೆ ಒಂದು ವ್ಯತ್ಯಾಸ ಗಮನಾರ್ಹ. ಭೂಮಿ ಸಿಕ್ಕ ಕಡೆ ಹಣಕ್ಕಾಗಿ ಮುಂದಿನ ಬಜೆಟ್‌ವರೆಗೆ ಕಾಯುವ ಪ್ರಮೇಯ ಬರಲಿಲ್ಲ.

ಬೆಂಗಳೂರಿನ ಉದಾಹರಣೆ ಇನ್ನೂ ಹತ್ತಿರದ್ದು. ಉಪನಗರ ರೈಲು ಯೋಜನೆಯ ಒಟ್ಟು ಉದ್ದ 148 ಕಿ.ಮೀ. ಬಾಗಲಕೋಟೆ-ಕುಡಚಿಗಿಂತ ಕೇವಲ ಆರು ಕಿ.ಮೀ. ಹೆಚ್ಚು! 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ 15,767 ಕೋಟಿ ರೂ.ಗಳ ಯೋಜನೆಗೆ ಒಪ್ಪಿಗೆ ನೀಡಿತು. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ನೆರವೇರಿಸಿ, ನಲವತ್ತು ವರ್ಷಗಳ ಕನಸು ನಲವತ್ತು ತಿಂಗಳಲ್ಲಿ ನನಸಾಗುವುದೆಂದರು. ಆ ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಕಾರಿಡಾರ್‌ಗಳಲ್ಲಿ ಒಂದೂ ಆ ಹೊತ್ತಿಗೆ ಸಂಚಾರಕ್ಕೆ ತೆರೆದಿರಲಿಲ್ಲ. ಹೆಸರುಗಳು ಮಾತ್ರ ಘಮಘಮ. ಅಲ್ಲಿಯೂ ಕೆ-ರೈಡ್ ಎಂಬ ಪ್ರತ್ಯೇಕ ಕಂಪನಿ ಇದೆ, ಸಾಲದ ವ್ಯವಸ್ಥೆಯೂ ಇದೆ. ತಡವಾದದ್ದು ಮತ್ತದೇ ಭೂಮಿಯಿಂದ, ಅದರಲ್ಲೂ ಬಹುಪಾಲು ಸರ್ಕಾರದ್ದೇ ಒಂದು ಇಲಾಖೆ ಇನ್ನೊಂದಕ್ಕೆ ಬಿಟ್ಟುಕೊಡಬೇಕಾದ ಭೂಮಿಯಿಂದ. ಹೀಗಾಗಿ ಪ್ರತ್ಯೇಕ ಕಂಪನಿ ಕಟ್ಟಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ವಾದವನ್ನು ಕಣ್ಣುಮುಚ್ಚಿ ಒಪ್ಪಲಾಗದು.

ಆದರೂ ಕೊಂಕಣ ರೈಲ್ವೆಯನ್ನು ಮರೆಯಬಾರದು. 1990ರಲ್ಲಿ ಸ್ಥಾಪನೆಯಾದ ಆ ನಿಗಮ, ಇ. ಶ್ರೀಧರನ್ ಅವರ ನೇತೃತ್ವದಲ್ಲಿ, ಸಹ್ಯಾದ್ರಿಯ ಸುರಂಗಗಳನ್ನೂ ಹೊಳೆಗಳನ್ನೂ ದಾಟಿ ಸುಮಾರು 740 ಕಿ.ಮೀ. ಮಾರ್ಗವನ್ನು 1998ರ ಹೊತ್ತಿಗೆ ಮುಗಿಸಿತು. ಹಣ ಬಂದದ್ದು ಮುಖ್ಯವಾಗಿ ಸಾರ್ವಜನಿಕರಿಗೆ ಬಾಂಡ್ ಮಾರಿ. ಬಂಡವಾಳದಲ್ಲಿ ಕೇಂದ್ರದ ಜತೆಗೆ ನಾಲ್ಕು ರಾಜ್ಯಗಳು ಪಾಲುದಾರರು, ಕರ್ನಾಟಕದ ಪಾಲು ಶೇ 15. ಎಂಟು ವರ್ಷ, 740 ಕಿ.ಮೀ. ಬಯಲುಸೀಮೆಯ 142 ಕಿ.ಮೀ.ಗೆ ಎಷ್ಟು ವರ್ಷ ಸಾಕಾಗಬೇಕಿತ್ತು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಕಾಲ ಬದಲಾಗಿದೆ, ಭೂಮಿಯ ಬೆಲೆ ಬದಲಾಗಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕೊಂಕಣದಲ್ಲಿ ಕೆಲಸ ಹಲವು ಭಾಗಗಳಲ್ಲಿ ಏಕಕಾಲಕ್ಕೆ ನಡೆಯಿತು ಎಂಬ ಅಂಶಕ್ಕೆ ಆ ಆಕ್ಷೇಪ ತಟ್ಟುವುದಿಲ್ಲ.

ನಮ್ಮ ಜಿಲ್ಲೆಯ ಹಳಿಯ ಮೇಲೂ ಇದಕ್ಕೊಂದು ಸಾಕ್ಷಿಯಿದೆ. ಹೊಟಗಿಯಿಂದ ಕೂಡಗಿಯವರೆಗೆ ಹಳಿ ಜೋಡಿಯಾದದ್ದು ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬೇಕಿದ್ದರಿಂದ, ಮತ್ತು ಎನ್‌ಟಿಪಿಸಿ ಅದಕ್ಕೆ ಹಣ ಕಟ್ಟಿದ್ದರಿಂದ. ಕಟ್ಟುವವರಿಗೆ ಹಣದ ಭರವಸೆ ಮೊದಲೇ ಸಿಕ್ಕರೆ ಅದೇ ಎರೆಮಣ್ಣು, ಅದೇ ಬಿಸಿಲು ಅಡ್ಡಿಯಾಗುವುದಿಲ್ಲ. ಕಲಬುರಗಿ-ಬೀದರ್ ಮಾರ್ಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದೂ ಬಯಲುಸೀಮೆಯದೇ, 110 ಕಿ.ಮೀ.ಯಷ್ಟೇ ಉದ್ದ. ವರ್ಷದ ಹಂಚಿಕೆಗೆ ಕೈಯೊಡ್ಡುತ್ತ ಅದು ಪೂರ್ಣವಾಗಿ ಉದ್ಘಾಟನೆಗೊಂಡದ್ದು ಎರಡು ದಶಕಗಳಷ್ಟು ಕಾದ ನಂತರ, 2017ರ ಅಕ್ಟೋಬರ್‌ನಲ್ಲಿ.

ಕೇಂದ್ರದಲ್ಲಿ ಹಣವೇ ಇಲ್ಲ ಎನ್ನುವ ಕಾಲವೂ ಇದಲ್ಲ. 2009ರಿಂದ 2014ರವರೆಗೆ ಕರ್ನಾಟಕಕ್ಕೆ ರೈಲ್ವೆಯ ವಾರ್ಷಿಕ ಸರಾಸರಿ ಹಂಚಿಕೆ 835 ಕೋಟಿ ರೂ. ಇದ್ದದ್ದು 2025-26ರಲ್ಲಿ 7,564 ಕೋಟಿ ರೂ.ಗೇರಿತು ಎಂದು ರೈಲ್ವೆ ಸಚಿವಾಲಯವೇ ಹೇಳಿದೆ. ಈ ಅಂಕಿಯನ್ನು ಆಡಳಿತ ಪಕ್ಷ ಸಾಧನೆಯೆಂದು ಸಾರುತ್ತದೆ. ಇರಲಿ. ಒಂಬತ್ತು ಪಟ್ಟು ಹಣ ಬಂದ ಮೇಲೂ ಮುಧೋಳಕ್ಕೆ ಹಳಿ ಬಾರದಿದ್ದರೆ ಕೊರತೆ ಹಣದ ಮೊತ್ತದ್ದಲ್ಲ, ಅದು ಬರುವ ಕ್ರಮದ್ದು ಮತ್ತು ಭೂಮಿಯದ್ದು ಎಂದೇ ತಿಳಿಯಬೇಕಾಗುತ್ತದೆ.

ಹಳಿಯ ಮೇಲೆ ಏನು ಸಾಗುತ್ತದೆ?

ಹೋರಾಟದ ವೇದಿಕೆಗಳಲ್ಲಿ ಕೇಳಿಬರುವ ಒಂದು ಮಾತನ್ನು ಇಲ್ಲಿ ತಿದ್ದಬೇಕು. ರೈಲು ಬಂದರೆ ಕಬ್ಬು ಬೆಳೆಗಾರನಿಗೆ ಲಾಭ ಎನ್ನುತ್ತಾರೆ. ಕಬ್ಬು ರೈಲಿನಲ್ಲಿ ಹೋಗುವುದಿಲ್ಲ. ಕಡಿದ ಕಬ್ಬು ಒಣಗುವ ಮುನ್ನ ಹತ್ತಿರದ ಕಾರ್ಖಾನೆ ಸೇರಬೇಕು; ಅದಕ್ಕೆ ಟ್ರ್ಯಾಕ್ಟರೇ ಗತಿ. ರೈಲು ಹೊರುವುದು ಸಕ್ಕರೆಯನ್ನು, ಎಥೆನಾಲ್‌ನ್ನು, ಒಳಬರುವ ಗೊಬ್ಬರವನ್ನು. ಲೋಕಾಪುರ-ಮುಧೋಳ ಸೀಮೆಯ ಸುಣ್ಣದಕಲ್ಲು, ಮುದ್ದಾಪುರದ ಸಿಮೆಂಟ್ ಕಾರ್ಖಾನೆಯ ಉತ್ಪನ್ನ ಇವೆಲ್ಲ ಸಹಜವಾಗಿ ರೈಲಿನ ಸರಕು. ಮಾರ್ಗದ ಆದಾಯದ ಬೆನ್ನೆಲುಬು ಇದೇ ಆಗಬೇಕು. ಹೊರರಾಜ್ಯಗಳಲ್ಲೂ ಹೆಸರಾದ ಮಹಾಲಿಂಗಪುರದ ಬೆಲ್ಲದ ಪೇಟೆಗೆ ಎಷ್ಟು ಅನುಕೂಲವಾದೀತು ಎಂಬುದು ಸ್ಥಳದಲ್ಲಿ ಗೂಡ್ಸ್ ಶೆಡ್ ಸಿಗುತ್ತದೆಯೇ ಎಂಬುದರ ಮೇಲೆ ನಿಂತಿದೆ. ಬರಿಯ ಪ್ರಯಾಣಿಕರ ನಿಲ್ದಾಣ ಕಟ್ಟಿದರೆ ಬೆಲ್ಲ ಲಾರಿಯಲ್ಲಿಯೇ ಹೋಗುತ್ತದೆ.

ನೇಕಾರರ ಲೆಕ್ಕ ಬೇರೆ. ರಬಕವಿ-ಬನಹಟ್ಟಿಯ ಮಗ್ಗಗಳು ಗಡಿಯಾಚೆಯ ಇಚಲಕರಂಜಿ, ಸೊಲ್ಲಾಪುರಗಳೊಂದಿಗೆ ಪೈಪೋಟಿ ನಡೆಸಬೇಕಾದವು. ಆ ಎರಡಕ್ಕೂ ಹಳಿಯ ಆಸರೆ ಸಮೀಪದಲ್ಲೇ ಇದೆ. ಸೀರೆಯ ಗಂಟು ವ್ಯಾಗನ್ ತುಂಬುವ ಸರಕಲ್ಲ. ಆದರೆ ಗಂಟು ಹೊತ್ತ ವ್ಯಾಪಾರಿ ರಾತ್ರಿ ಹತ್ತಿ ಬೆಳಿಗ್ಗೆ ಪುಣೆಯಲ್ಲೋ ಮುಂಬೈಯಲ್ಲೋ ಇಳಿಯುವಂತಾದರೆ ಆ ಊರಿನ ದಂಧೆಗೆ ಅದೇ ದೊಡ್ಡದು. ಇನ್ನು ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ಹಬ್ಬಕ್ಕೆ ಬರಲು ಖಾಸಗಿ ಸ್ಲೀಪರ್ ಬಸ್ಸಿನವರು ಕೇಳಿದಷ್ಟು ತೆರುವ ಕಥೆ ಈ ಸೀಮೆಯ ಮನೆಮನೆಯದು.

ಕಟ್ಟುವ ವಿಧಾನದ ಬಗೆಗೂ ಈಗಲೇ ಎಚ್ಚರ ಅಗತ್ಯ. ಮಾರ್ಗ ಘಟಪ್ರಭೆಯನ್ನು ದಾಟಲೇಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಮುಧೋಳ, ಜಮಖಂಡಿ ತಾಲ್ಲೂಕುಗಳ ಊರೂರುಗಳನ್ನೇ ನುಂಗಿದವು. ನದಿಯ ಹರವಿಗೆ ಅಡ್ಡಲಾಗಿ ಎತ್ತರದ ಮಣ್ಣಿನ ಏರಿ ಹಾಕಿ, ನಡುವೆ ಮಾತ್ರ ಸೇತುವೆ ಬಿಟ್ಟರೆ, ಮುಂದಿನ ನೆರೆಗೆ ಆ ಏರಿಯೇ ಒಡ್ಡಾದೀತು. ಸೇತುವೆಯ ಉದ್ದ ಹೆಚ್ಚಿಸಿದರೆ ವೆಚ್ಚ ಏರುತ್ತದೆ. ಹೆಚ್ಚಿಸದಿದ್ದರೆ ಆ ವೆಚ್ಚವನ್ನು ಊರವರು ತೆರುತ್ತಾರೆ. ಎರೆಮಣ್ಣಿನದೂ ಇದೇ ಪಾಡು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ನೆಲದ ಮೇಲೆ ನೇರವಾಗಿ ಹಳಿ ಕೂರಿಸಲಾಗದು, ಹೊರಗಿನಿಂದ ಗಟ್ಟಿ ಮಣ್ಣು ತಂದು ಪದರ ಹಾಕಬೇಕು.

ಹೊಸ ಮಾರ್ಗಗಳಲ್ಲಿ ಲೆವೆಲ್ ಕ್ರಾಸಿಂಗ್ ಬದಲು ಕೆಳಸೇತುವೆ ಕಟ್ಟುವುದು ಈಗಿನ ರೂಢಿ. ನಕ್ಷೆಯಲ್ಲಿ ಅದು ಅಚ್ಚುಕಟ್ಟು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಆಳೆತ್ತರ ಮೀರಿ ಹೇರು ಹೇರಿದ ಟ್ರ್ಯಾಕ್ಟರ್ ಆ ಕಿಂಡಿಯಲ್ಲಿ ನುಸುಳಬಲ್ಲುದೇ ಎಂದು ವಿನ್ಯಾಸ ಮಾಡುವವರು ಒಮ್ಮೆ ಹೊಲಕ್ಕೆ ಬಂದು ನೋಡಬೇಕು. ಮಳೆಗಾಲದಲ್ಲಿ ಕೆಳಸೇತುವೆಗಳು ಕೆರೆಗಳಾಗುವ ಅನುಭವ ರಾಜ್ಯದ ಯಾವ ಭಾಗಕ್ಕೂ ಹೊಸತಲ್ಲ.

ಈಗ ಕೇಳಬೇಕಾದದ್ದು

ಬಾಗಲಕೋಟೆ ಲೋಕಸಭಾ ಕ್ಷೇತ್ರ 2004ರಿಂದ ಒಬ್ಬರನ್ನೇ ಸತತ ಐದು ಬಾರಿ ಆರಿಸಿ ಕಳುಹಿಸಿದೆ. ರಾಜ್ಯದಲ್ಲಿ ಸರ್ಕಾರಗಳು ಬದಲಾಗುತ್ತ ಬಂದರೂ ಮುಧೋಳದ ಶಾಸಕರು ಸಂಪುಟದಲ್ಲಿದ್ದ ಕಾಲಗಳೂ ಇವೆ. ಆದ್ದರಿಂದ ಯಾರೋ ಒಬ್ಬರ ಮೇಲೆ ಗೂಬೆ ಕೂರಿಸಿ ಕೈತೊಳೆದುಕೊಳ್ಳುವಂತಿಲ್ಲ. ಚುನಾವಣೆಗೊಮ್ಮೆ ಮಾರ್ಗ ಶೀಘ್ರ ಪೂರ್ಣ ಎಂಬ ಹೇಳಿಕೆ ಬರುತ್ತದೆ. ಶೀಘ್ರ ಎಂಬ ಪದಕ್ಕೆ ತಾರೀಖು ಇರುವುದಿಲ್ಲ.

ತಾರೀಖು ಕೇಳುವುದಾದರೆ ಹಳಿಗಲ್ಲ, ಭೂಮಿಗೆ ಕೇಳಬೇಕು. ಲೋಕಾಪುರದಿಂದ ಕುಡಚಿಯವರೆಗೆ ತಾಲ್ಲೂಕುವಾರು ಎಷ್ಟು ಎಕರೆ ಬೇಕು, ಎಷ್ಟಕ್ಕೆ ಅಧಿಸೂಚನೆಯಾಗಿದೆ, ಎಷ್ಟಕ್ಕೆ ಐತೀರ್ಪು ಆಗಿದೆ, ಎಷ್ಟು ರೈಲ್ವೆಗೆ ಹಸ್ತಾಂತರವಾಗಿದೆ ಎಂಬ ನಾಲ್ಕು ಅಂಕಿಗಳನ್ನು ಜಿಲ್ಲಾಡಳಿತ ಪ್ರತಿ ಮೂರು ತಿಂಗಳಿಗೊಮ್ಮೆ ಬಹಿರಂಗಪಡಿಸಿದರೆ ಕೇಂದ್ರ-ರಾಜ್ಯಗಳ ದೂರು-ಪ್ರತಿದೂರು ಅರ್ಧ ನಿಲ್ಲುತ್ತದೆ. ಕುಡಚಿ ತುದಿಯಲ್ಲಿ ಭೂಮಿ ಸಿಕ್ಕಷ್ಟೂ ದೂರ ಅಲ್ಲಿಂದಲೂ ಕೆಲಸ ಆರಂಭವಾಗಬೇಕು. ಕುಡಚಿಯಿಂದ ತೇರದಾಳ, ರಬಕವಿಯವರೆಗೆ ಹಳಿ ಬಂದರೂ ಅದು ತಕ್ಷಣವೇ ಮುಂಬೈಗೆ ಜೋಡಣೆಯಾದ ಹಳಿ. ಬಾಗಲಕೋಟೆ ಕಡೆಯಿಂದ ಮುಂದುವರಿದ ಭಾಗಕ್ಕಿಲ್ಲದ ಬೆಲೆ ಅದಕ್ಕೆ ಮೊದಲ ದಿನದಿಂದಲೇ ಬರುತ್ತದೆ. ರಾಜ್ಯದ ಅರ್ಧ ಪಾಲನ್ನು ವರ್ಷವರ್ಷದ ಬಜೆಟ್ ಭಾಷಣಕ್ಕೆ ಬಿಡದೆ ಮೂರು ವರ್ಷಗಳಿಗೆ ಒಟ್ಟಿಗೆ ಬದ್ಧಗೊಳಿಸಲು ಕಾನೂನಿನ ಅಡ್ಡಿಯೇನೂ ಇಲ್ಲ. ಬೆಂಗಳೂರಿನ ಉಪನಗರ ರೈಲಿಗೆ ಅಂಥ ಬದ್ಧತೆ ತೋರಿದ ಸರ್ಕಾರವೇ ಇದು. ಇಷ್ಟಕ್ಕೂ ಕೆ-ರೈಡ್ ಸ್ಥಾಪನೆಯಾದದ್ದು 2000ದಲ್ಲಿ, ರಾಜ್ಯದ ರೈಲು ಯೋಜನೆಗಳಿಗಾಗಿ. ಉಪನಗರ ರೈಲಿನ ಯೋಜನೆ ಅದರ ಮಡಿಲಿಗೆ ಬಂದದ್ದು ಆ ಮೇಲೆ.

ಬೀಳಗಿಯ ಹೆಸರು ಈ ಲೇಖನದಲ್ಲಿ ಆಗಲೇ ಬಂದು ಮರೆಯಾಯಿತು. ನಕ್ಷೆಯಲ್ಲಿಯೂ ಹಾಗೆಯೇ. ಮಾರ್ಗ ಲೋಕಾಪುರದ ಕಡೆಗೆ ತಿರುಗುವುದರಿಂದ ಬೀಳಗಿ ಪಟ್ಟಣಕ್ಕೆ ಹಳಿ ಬರುವುದಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು, ಹೊಲ ಕೊಟ್ಟ ತಾಲ್ಲೂಕುಗಳಲ್ಲಿ ಬೀಳಗಿಯೂ ಒಂದು. ಮೂರನೇ ಹಂತ ಜಾರಿಯಾದರೆ ಇನ್ನಷ್ಟು ಕೊಡಬೇಕಾದದ್ದೂ ಅದೇ. ಆ ತಾಲ್ಲೂಕಿನವರು ರೈಲು ಹತ್ತಬೇಕಾದರೆ ಬಾಗಲಕೋಟೆಗೋ ಮುಂದೆಂದಾದರೂ ಜಮಖಂಡಿಗೋ ಬರಬೇಕು. ರಾತ್ರಿ ಹನ್ನೊಂದಕ್ಕೆ ರೈಲಿಳಿದವರನ್ನು ಬೀಳಗಿಗೆ ತಲುಪಿಸುವ ಬಸ್ಸಿನ ಲೆಕ್ಕ 142 ಕಿ.ಮೀ.ಗಳ ಈ ಅಂದಾಜಿನಲ್ಲಿ ಸೇರಿಲ್ಲ.